ಎಡಗೈಯಲ್ಲಿ ಕಟ್ಟಿದ ಎರೆ

ಹೆಂಡತಿ ತೀರಿಕೊಂಡ ನಾಲ್ಕು ತಿಂಗಳಿಗೆ ನಾನು ಮತ್ತೆ ಕೆರೆಗೆ ಹೊರಟೆ. ಬೇಸಿಗೆಯ ಭಾನುವಾರ, ಐದು ಗಂಟೆಗೇ ಎಚ್ಚರವಾಗಿತ್ತು. ಮುಖ ತೊಳೆದು ಕೈಮುಗಿದು ನಿಂತೆ. ನನ್ನ ಪ್ರಾರ್ಥನೆ ಚಿಕ್ಕದು, ಬಾಲ್ಯದಿಂದಲೂ ಮೂರೇ ಸಾಲು. ಅವಳು ಹೋದ ಮೇಲೆ ನಾಲ್ಕನೆಯದೊಂದು ಸೇರಿಕೊಂಡಿದೆ: "ದೇವರೇ, ನನ್ನ ಹೊಟ್ಟೆಕಿಚ್ಚನ್ನು ತೆಗೆ."

ಯಾರ ಮೇಲೆ ಹೊಟ್ಟೆಕಿಚ್ಚು ಎಂದರೆ ಎಲ್ಲರ ಮೇಲೂ. ಜೊತೆಯಾಗಿ ನಡೆದು ಹೋಗುವ ಮುದುಕ ಮುದುಕಿಯರ ಮೇಲೆ. ಹೆಂಡತಿ ತಲೆ ತಿನ್ನುತ್ತಾಳೆಂದು ಗೊಣಗುವವರ ಮೇಲೆ. ಎದುರುಮನೆಯ ಹಗ್ಗದಲ್ಲಿ ಪಕ್ಕಪಕ್ಕಕ್ಕೆ ಒಣಗುವ ಎರಡು ಟವೆಲುಗಳ ಮೇಲೆ ಕೂಡ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಟವೆಲು ನೋಡಿ ಹೊಟ್ಟೆ ಉರಿದುಕೊಳ್ಳುವುದು ಚೆನ್ನಲ್ಲವೆಂದು ನನಗೂ ಗೊತ್ತು.

ಕೆರೆಗೆ ಹೋಗುವವರು ನಾವು ಮೂವರು. ನಾನು ಪುಸ್ತಕಗಳಿಗೆ ರಟ್ಟು ಹಾಕುವವನು. ಬೈಂಡರ್ ಎಂದೇ ಎಲ್ಲರೂ ಕರೆಯುತ್ತಾರೆ. ಇನ್ನೊಬ್ಬ, ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರ್. ಮತ್ತೊಬ್ಬ ನಮ್ಮ ಬೀದಿಯ ಡಾಕ್ಟರರ ದವಾಖಾನೆಯ ಕಾಂಪೌಂಡರ್. ಅವನು ಮದುವೆಯಾಗಲಿಲ್ಲ. ಈಗಲೂ ಮಧ್ಯಾಹ್ನದ ಹೊತ್ತು ದವಾಖಾನೆಯ ಚಿಕ್ಕ ಕಿಟಕಿಯ ಹಿಂದೆ ಕೂತು ಔಷಧದ ಪೊಟ್ಟಣ ಕಟ್ಟುತ್ತಾನೆ. ಮೂವತ್ತು ವರ್ಷಗಳಿಂದ ಬೇಸಿಗೆಯ ಭಾನುವಾರಗಳು ನಮ್ಮವು.

ಆ ಮೂವತ್ತು ವರ್ಷವೂ ಹೆಚ್ಚು ಮೀನು ಹಿಡಿದವನು ನಾನು. ಅದಕ್ಕೆ ಕಾರಣ ನನ್ನ ಹೆಂಡತಿ. ಗಾಳಕ್ಕೆ ಸಿಕ್ಕಿಸುವ ಎರೆಯನ್ನು ಅವಳು ಹಿಟ್ಟಿನಲ್ಲಿ ಕಲಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದಳು. ಸೋಂಪು ಹಾಕುತ್ತಾಳೆಂದು ವಾಸನೆಯಿಂದಲೇ ತಿಳಿಯುತ್ತಿತ್ತು. ಅದರ ಜೊತೆಗೆ ಇನ್ನೇನೋ ಒಂದಿತ್ತು. ಕೇಳಿದರೆ, "ಅದೂ ಗೊತ್ತಾಗ್ಬಿಟ್ರೆ ಆಮೇಲೆ ನನ್ನನ್ನ ಯಾರು ಕೇಳ್ತಾರೆ?" ಎಂದು ನಗುತ್ತಿದ್ದಳು. ಅವಳು ಎಡಚಿ. ಎಡಗೈಯ ಮೂರು ಬೆರಳಲ್ಲಿ ಹಿಟ್ಟು ಚಿವುಟಿ, ಒಂದೂವರೆ ಸುತ್ತು ತಿರುಗಿಸಿ, ಕೊನೆಗೆ ಹೆಬ್ಬೆರಳಿನಿಂದ ಒಮ್ಮೆ ಒತ್ತುವಳು. ಆ ಉಂಡೆ ನೀರಿನಲ್ಲಿ ಬೇಗ ಬಿಚ್ಚಿಕೊಳ್ಳುತ್ತಿರಲಿಲ್ಲ. ಗೆಳೆಯರು ಎಷ್ಟು ಗೋಗರೆದರೂ ನಾನು ಒಂದು ಉಂಡೆ ಕೊಟ್ಟವನಲ್ಲ. ಅದು ನನ್ನ ಮನೆಯದು, ನನ್ನದು.

ಈ ಸಲ ಎರೆಯನ್ನು ನಾನೇ ಕಲಸಿಕೊಂಡಿದ್ದೆ.

ಡ್ರೈವರ್ ತನ್ನ ಹಳೆಯ ವ್ಯಾನಿನಲ್ಲಿ ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಹೋದ. ಕೆರೆ ಬೇಸಿಗೆಗೆ ಇಳಿದು ಹೋಗಿ, ಹೋದ ವರ್ಷ ನೀರೊಳಗಿದ್ದ ನಾಲ್ಕು ಮೆಟ್ಟಿಲು ಹೊರಗೆ ಬಿದ್ದಿದ್ದವು. ಕೆಳಗಿನ ಮೆಟ್ಟಿಲ ಮೇಲೆ ಸಾಲಾಗಿ ಕೂತೆವು. ಗಾಳ ಬಿಡುವಷ್ಟರಲ್ಲಿ ಡ್ರೈವರನ ಫೋನು ಬಡಿದುಕೊಂಡಿತು.

"ಹಾಕ್ಕೊಂಡಿದ್ದೀನಿ ಕಣೇ, ಟೋಪಿ ತಲೆ ಮೇಲೇ ಇದೆ," ಎಂದು ಅವನು ಬೋಳುತಲೆ ಸವರಿಕೊಂಡ. ಟೋಪಿ ವ್ಯಾನಿನಲ್ಲಿತ್ತು. "ಹ್ಞೂಂ, ಮಾತ್ರೆನೂ ನುಂಗಿದೆ. ಇಡು ಈಗ, ಮೀನು ಹೆದರ್ತಾವೆ." ಫೋನಿಟ್ಟು ನಮ್ಮ ಕಡೆ ತಿರುಗಿದ. "ನೋಡಿ, ಬಸ್ಸಲ್ಲಿ ಐವತ್ತು ಜನ ಇದ್ರೂ ಒಬ್ಬನೂ ನನಗೆ ಹೀಗೆ ಹೇಳ್ತಿರಲಿಲ್ಲ."

ನಾನು ಗಾಳದ ದಾರಕ್ಕೆ ಕಟ್ಟಿದ ಬೆಂಡಿನ ಮೇಲೆ ಕಣ್ಣಿಟ್ಟು ಕೂತೆ. ಬೆಂಡು ನೀರಿನ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು.

ಅತ್ತ ಕಾಂಪೌಂಡರ್ ಒಂದು ಗೆಂಡೆ ಮೀನು ಎಳೆದ. ಐದು ನಿಮಿಷಕ್ಕೆ ಇನ್ನೊಂದು. ಬಿಸಿಲು ಮೆಟ್ಟಿಲಿಗೆ ಇಳಿಯುವ ಹೊತ್ತಿಗೆ ಅವನ ಬಕೆಟ್ಟಿನಲ್ಲಿ ನಾಲ್ಕು ಒದ್ದಾಡುತ್ತಿದ್ದವು. ಮೂವತ್ತು ವರ್ಷದಲ್ಲಿ ಇವನು ಒಂದೇ ದಿನ ನಾಲ್ಕು ಹಿಡಿದದ್ದನ್ನು ನಾನು ಕಂಡಿಲ್ಲ. ಅವನ ಎರೆಯ ಡಬ್ಬಿ ನನಗೆ ಕಾಣದಂತೆ ಆಚೆ ಮಗ್ಗುಲಲ್ಲಿತ್ತು. ಉಂಡೆ ಸಿಕ್ಕಿಸುವಾಗಲೂ ಬೆನ್ನು ನನ್ನ ಕಡೆಗೆ ಮಾಡುತ್ತಿದ್ದ.

"ಬೈಂಡರ್, ನಿನ್ನ ಗಾಳ ಕಂಡ್ರೆ ಮೀನು ದಾರಿ ಬಿಟ್ಟು ಹೋಗ್ತಾವಲ್ಲಯ್ಯ," ಎಂದ ಡ್ರೈವರ್. "ಏನಿದೆ ಅದರಲ್ಲಿ?"

ನನ್ನ ಡಬ್ಬಿಯನ್ನು ಕಾಂಪೌಂಡರ್ ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದು ನೋಡಿದ.

"ಇದ್ಯಾಕೆ ನೀಲಿ ಹೊಡೀತಿದೆ?"

"ನೀಲಿಯೇನಿಲ್ಲ."

"ನಲವತ್ತು ವರ್ಷ ಔಷಧ ಕಲಸಿದ ಕಣ್ಣು ಇದು. ಮೈಲುತುತ್ತ ಹಾಕಿದ್ದೀಯಲ್ಲೋ!"

ಆಗ ನನಗೆ ಹಿಂದಿನ ಸಂಜೆ ನೆನಪಾಯಿತು. ರಟ್ಟಿಗೆ ಬಳಿಯುವ ಮೈದಾ ಅಂಟು ಕಾಯಿಸುವಾಗ ಹುಳು ಹತ್ತದಿರಲೆಂದು ಒಂದು ಚಿಟಿಕೆ ಮೈಲುತುತ್ತ ಹಾಕುತ್ತೇವೆ. ಐವತ್ತು ವರ್ಷದ ರೂಢಿ. ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಹಿಟ್ಟು ಕಲಸುತ್ತ, ಅವಳಾದರೆ ನೀರು ಎಷ್ಟು ಹಾಕುತ್ತಿದ್ದಳು ಎಂದು ಯೋಚಿಸುತ್ತ ನಿಂತಿದ್ದೆ. ಕೈ ತನ್ನಷ್ಟಕ್ಕೆ ತನ್ನ ಕೆಲಸ ಮಾಡಿಬಿಟ್ಟಿತ್ತು.

"ಮೀನಿಗೆ ರಟ್ಟು ಹಾಕೋಕೆ ಬಂದಿದ್ದಾನೆ!" ಡ್ರೈವರ್ ತೊಡೆ ತಟ್ಟಿಕೊಂಡು ನಕ್ಕ. "ಬೆನ್ನ ಮೇಲೆ ಬಂಗಾರದ ಅಕ್ಷರದಲ್ಲಿ ಹೆಸರೂ ಕೂರಿಸಪ್ಪ!"

ನನಗೂ ನಗು ಬಂತು. ನಾಲ್ಕು ತಿಂಗಳಲ್ಲಿ ಮೊದಲನೆಯದು. ಕಾಂಪೌಂಡರ್ ಮಾತ್ರ ನಗಲಿಲ್ಲ. ಅದು ವಿಷ, ನೀರಿಗೆ ಎಸೆಯಬೇಡವೆಂದು ಹೇಳಿ, ಎರೆಯನ್ನು ಕಾಗದದಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. ವ್ಯಾನಿನಿಂದ ಸೋಪು ತಂದು ಕೊಟ್ಟ. ನಾನು ಕೈ ತೊಳೆದು ಬಂದೆ. ಅವನು, "ನನ್ನದ್ರಲ್ಲಿ ಒಂದು ಕೊಡ್ತೀನಿ ತಡಿ," ಎಂದ. ಡಬ್ಬಿಯನ್ನು ಈಚೆಗೆ ತಂದು ಮುಚ್ಚಳ ತೆಗೆದ. ಒಳಗೆ ಒದ್ದೆ ಬಟ್ಟೆಯ ಗಂಟು. ಗಂಟು ಬಿಚ್ಚಿದ.

ಸೋಂಪಿನ ವಾಸನೆ ಬಂತು. ಅದರ ಹಿಂದೆಯೇ ಆ ಇನ್ನೊಂದು ವಾಸನೆಯೂ.

ಅವನು ಎಡಗೈಯ ಮೂರು ಬೆರಳಲ್ಲಿ ಹಿಟ್ಟು ಚಿವುಟಿದ. ಒಂದೂವರೆ ಸುತ್ತು ತಿರುಗಿಸಿದ. ಹೆಬ್ಬೆರಳಿನಿಂದ ಒತ್ತಿದ.

ಅವನು ಎಡಚನಲ್ಲ. ಸೀಸೆಗಳಿಗೆ ಚೀಟಿ ಬರೆಯುವುದನ್ನು ನಲವತ್ತು ವರ್ಷ ನೋಡಿದ್ದೇನೆ, ಬಲಗೈಯಲ್ಲೇ ಬರೆಯುತ್ತಾನೆ.

"ಯಾರು ಕಲಿಸಿದ್ರು?" ಎಂದೆ.

ಅಷ್ಟರಲ್ಲಿ ಡ್ರೈವರನ ಫೋನು ಮತ್ತೆ ಬಡಿದುಕೊಂಡಿತು. ಅವನು ನಮ್ಮಿಬ್ಬರ ಮುಖ ನೋಡಿ, ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲು ಹತ್ತಿ ಹೋದ.

"ತಂಗಿ ಕಲಿಸಿದ್ಲು," ಎಂದ ಕಾಂಪೌಂಡರ್. ನನ್ನ ಹೆಂಡತಿಯನ್ನು ಅವನು ಕರೆಯುತ್ತಿದ್ದುದೇ ಹಾಗೆ.

"ಯಾವಾಗ?"

"ಹೋದ ಬೇಸಿಗೇಲಿ. ಮಂಗಳವಾರ, ಶುಕ್ರವಾರ ಬರೋಳು. ಮಧ್ಯಾಹ್ನ ದವಾಖಾನೆ ಖಾಲಿ ಇರುತ್ತಲ್ಲ."

ಹೋದ ಬೇಸಿಗೆಯ ಮಂಗಳವಾರ, ಶುಕ್ರವಾರಗಳಲ್ಲಿ ಅವಳು ಅಕ್ಕನ ಮನೆಗೆಂದು ಛತ್ರಿ ಹಿಡಿದು ಹೊರಡುತ್ತಿದ್ದಳು. ನಾನು ಹೊಲಿಗೆ ಹಾಕುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ ಹೂಂಗುಟ್ಟುತ್ತಿದ್ದೆ. ಕಾಯಿಲೆಯ ಸುದ್ದಿಯನ್ನು ಅವಳು ನನಗೆ ಹೇಳಿದ್ದು ಬೇಸಿಗೆ ಕಳೆದ ಮೇಲೆ.

"ಹಾಗಾದ್ರೆ ನನಗಿಂತ ಮೊದಲೇ ನಿನಗೆ ಗೊತ್ತಿತ್ತು."

"ಎರಡು ತಿಂಗಳು ಮೊದಲೇ. ರಿಪೋರ್ಟು ನನ್ನ ಕೈ ಮೇಲೇ ಹೋಗೋದಲ್ವಾ? ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡ್ಲು."

ಎರಡು ತಿಂಗಳು. ವಾರಕ್ಕೆರಡರಂತೆ ಹದಿನೇಳೋ ಹದಿನೆಂಟೋ ಮಧ್ಯಾಹ್ನಗಳು. ಅವಳು ನೆಟ್ಟಗೆ ನಡೆದಾಡುತ್ತಿದ್ದ ಕೊನೆಯ ದಿನಗಳು ಅವು. ದವಾಖಾನೆಯ ಬೆಂಚು ಕಣ್ಣ ಮುಂದೆ ಬಂತು. ಮುಲಾಮು ಅರೆಯುವ ಗಾಜಿನ ಹಲಗೆಯ ಮೇಲೆ ಹಿಟ್ಟು, ಎದುರಿಗೆ ಇವನು, ಇವನ ಕೈ ತಪ್ಪಿದಾಗ ಅವಳ ನಗು. ಮುದುಕನಾದವನಿಗೆ ಇಷ್ಟು ಕಿಚ್ಚು ಎಲ್ಲಿಂದ ಬರುತ್ತದೋ ದೇವರಿಗೇ ಗೊತ್ತು.

"ಅತ್ತಳಾ?" ಎಂದೆ.

ಅವನು ನೀರಿನ ಕಡೆ ನೋಡಿದ. "ಒಂದು ಸಲ."

ನನ್ನ ಮುಂದೆ ಅವಳು ಒಂದು ಸಲವೂ ಅಳಲಿಲ್ಲ. ಆರು ತಿಂಗಳು ಹಾಸಿಗೆಯ ಪಕ್ಕದಲ್ಲೇ ಕೂತಿದ್ದೆ. ನನಗೆ ಸಿಕ್ಕದ್ದು ಬರೀ ನಗು. ಆ ಒಂದು ಅಳು ಇವನ ಪಾಲಿಗೆ ಹೋಗಿತ್ತು.

"ಸ್ವಂತಕ್ಕೆ ಹೆಂಡ್ತಿ ಇಲ್ದೋನಿಗೆ ಇನ್ನೊಬ್ಬನ ಹೆಂಡ್ತಿ ಗುಟ್ಟು ಬೇಕಾಯ್ತು," ಎಂದುಬಿಟ್ಟೆ.

ಮಾತು ಬಾಯಿ ದಾಟಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವನು ಎದ್ದು ಹೋಗುತ್ತಾನೆಂದುಕೊಂಡೆ. ಎದ್ದು ಹೋಗಲಿ ಎಂದೂ ಅನ್ನಿಸಿತು. ಅವನು ಬೆರಳಿಗಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಬಿಡಿಸಿ ಮತ್ತೆ ಗಂಟಿಗೆ ಸೇರಿಸಿದ. ಔಷಧವನ್ನು ಗುಂಜಿಯಷ್ಟೂ ಚೆಲ್ಲದ ಕೈ ಅದು.

"ನನಗೇನೂ ಬೇಕಿರಲಿಲ್ಲ ಕಣಯ್ಯ," ಎಂದ ಮೆಲ್ಲಗೆ. "ಇದನ್ನ ನಿನ್ನ ಗಂಡಂಗೇ ಕಲಿಸಮ್ಮ ಅಂತ ನಾನೂ ಅಂದೆ. ಏನಂದ್ಲು ಗೊತ್ತಾ? 'ಅವರಿಗೆ ಕಲಿಸಿದ್ರೆ ಗಾಳ ಅಟ್ಟಕ್ಕೆ ಹಾಕಿ ಮನೇಲಿ ಕೂತ್ಬಿಡ್ತಾರೆ ಅಣ್ಣ. ನಿನ್ನ ಹತ್ರ ಇದೆ ಅಂತ ಗೊತ್ತಾದ್ರೆ ಹೊಟ್ಟೆಕಿಚ್ಚಿಗಾದ್ರೂ ಎದ್ದು ಬರ್ತಾರೆ. ನನ್ನ ಗಂಡನ ಹೊಟ್ಟೆಕಿಚ್ಚಿನ ಮೇಲೆ ನನಗೆ ನಂಬಿಕೆ ಇದೆ,' ಅಂದ್ಲು."

ಅದು ಅವಳದೇ ಮಾತು. ಕಾಂಪೌಂಡರನಿಗೆ ಅಂಥ ಮಾತು ಹುಟ್ಟಿಸಿ ಹೇಳಲು ಬಾರದು. ಅವನಿಗೆ ಡಾಕ್ಟರು ಬರೆದದ್ದನ್ನು ಬರೆದ ಹಾಗೆ ಕಟ್ಟಿಕೊಡುವುದಷ್ಟೇ ಗೊತ್ತು. ಅವಳ ಎಡಗೈಯನ್ನು ಕೂಡ ಹಾಗೆಯೇ ನಕಲು ಮಾಡಿಕೊಂಡಿದ್ದ.

"ಹಾಗಾದ್ರೆ ನನಗೆ ಕಾಣದ ಹಾಗೆ ಯಾಕೆ ಬಚ್ಚಿಟ್ಟೆ?"

"ನಿನ್ನ ಮುಖ ನೋಡಿ ಧೈರ್ಯ ಬರಲಿಲ್ಲ."

ಕಣ್ಣು ಒರೆಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಸೋಂಪಿನ ಜೊತೆ ಇನ್ನೊಂದೇನು?" ಎಂದೆ.

"ಹೇಳಲ್ಲ."

"ಹೇಳೋ."

"ಆಣೆ ಅದಕ್ಕೂ ಇದೆ. ಮುಂದಿನ ಭಾನುವಾರ ಕಲಸಿ ತರ್ತೀನಿ, ಬೇಕಾದ್ರೆ ಬಾ."

ಸಿಟ್ಟಿನಿಂದಲೇ ಕೈಚಾಚಿದೆ. ಅವನು ಒಂದು ಚೂರು ಹಿಟ್ಟು ಕೊಟ್ಟ. ನಾನು ಉಂಡೆ ಕಟ್ಟಿದೆ, ಬಿರುಕು ಬಿಟ್ಟಿತು. ಇನ್ನೊಂದು ಕಟ್ಟಿದೆ, ಅದೂ ಒಡೆಯಿತು.

"ಎಡಗೈಲಿ ಮಾಡು," ಎಂದ ಅವನು.

ನನ್ನ ಹೆಂಡತಿಯ ಕೈಚಳಕವನ್ನು ನನಗೆ ಹೇಳಿಕೊಡಲು ಇವನ್ಯಾರು! ಆದರೂ ಎಡಗೈಗೆ ತೆಗೆದುಕೊಂಡೆ. ಒಂದೂವರೆ ಸುತ್ತು. ಹೆಬ್ಬೆರಳು. ಉಂಡೆ ನಿಂತಿತು.

ಡ್ರೈವರ್ ಟೋಪಿ ಹಾಕಿಕೊಂಡು ಮೆಟ್ಟಿಲಿಳಿದು ಬಂದ. "ಫೋಟೋ ತೆಗೆದು ಕಳಿಸು ಅಂತಾಳೆ," ಎಂದು ಬೈದುಕೊಂಡ. "ನಿಮ್ಮಿಬ್ಬರದು ಮುಗೀತಾ, ಇನ್ನೂ ಒಂದು ಸುತ್ತು ಮೇಲೆ ಹೋಗಿ ಬರಲಾ?"

"ಕೂತ್ಕೊಳ್ಳಯ್ಯ," ಎಂದೆ.

ಒಂಬತ್ತು ಗಂಟೆಗೆ ನನಗೊಂದು ಗೆಂಡೆ ಸಿಕ್ಕಿತು, ಅಂಗೈಯಷ್ಟು. ಕಾಂಪೌಂಡರನಿಗೆ ಏಳು. ಮನೆಗೆ ಬರುವ ದಾರಿಯುದ್ದಕ್ಕೂ ಆ ಏಳು ನನ್ನ ಕಾಲ ಬಳಿ ಬಕೆಟ್ಟಿನಲ್ಲಿ ಬಾಲ ಬಡಿಯುತ್ತಿದ್ದವು. ಬಡಿದಾಗಲೆಲ್ಲ ಹೊಟ್ಟೆಯಲ್ಲಿ ಚುರ್ರೆನ್ನುತ್ತಿತ್ತು.

ಮರುದಿನ ಬೆಳಗ್ಗೆ ಮುಖ ತೊಳೆದು ಕೈಮುಗಿದು ನಿಂತೆ. ಮೂರು ಸಾಲು ಹೇಳಿದೆ. ನಾಲ್ಕನೆಯದು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ತಡೆದೆ. ದೇವರು ಆ ಪ್ರಾರ್ಥನೆಯನ್ನು ಎಲ್ಲಿ ನಡೆಸಿಕೊಟ್ಟುಬಿಡುತ್ತಾನೋ ಎಂದು ಭಯವಾಯಿತು. ಭಾನುವಾರಕ್ಕೆ ಇನ್ನೂ ಆರು ದಿನವಿತ್ತು.