ಏನಾಗಬೇಕು ಎಂಬ ಕಾಲಂ

ಶಾಲೆಯ ಮಕ್ಕಳು ನನಗಿಟ್ಟ ಹೆಸರು ‘ಮುಂದೇನು ಮೇಡಂ’. ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಅದೇ. ಕೊನೆಯ ವರ್ಷದ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮುಂದೇನು ಓದುತ್ತೀಯ, ಯಾವ ಕಾಲೇಜು, ಯಾವ ಉದ್ಯೋಗ ಎಂದು ಕೇಳಿ, ದಾರಿ ತೋರಿಸಿ, ಕಾಲೇಜಿನ ಅರ್ಜಿಗೆ ಶಾಲೆಯ ಸೀಲು ಒತ್ತಿ ಕಳಿಸುತ್ತೇನೆ. ನನ್ನ ಕೋಣೆಯ ಗೋಡೆಯ ಮೇಲೆ ಅರವತ್ತನಾಲ್ಕು ಉದ್ಯೋಗಗಳ ಪಟವಿದೆ. ಬಾಗಿಲ ಪಕ್ಕದ ಮೇಜಿನ ಮೇಲೆ ರಿಜಿಸ್ಟರ್ ಇದೆ. ಒಳಗೆ ಬರುವವರು ಯಾರೇ ಆಗಲಿ, ಅದರಲ್ಲಿ ಮೂರು ಕಾಲಂ ತುಂಬಬೇಕು: ಹೆಸರು, ತರಗತಿ, ಏನಾಗಬೇಕು. ಡಾಕ್ಟರು, ಪೈಲಟ್, ವಕೀಲ, ಮತ್ತೆ ಡಾಕ್ಟರು. ಒಬ್ಬ ಕಿಲಾಡಿ ‘ಎತ್ತರ’ ಎಂದು ಬರೆದಿದ್ದ. ಅವನನ್ನು ಹೊರಗೆ ಕಳಿಸಿ ಇನ್ನೊಮ್ಮೆ ಬರೆಸಿದೆ.

ಹೀಗೆ ಎಲ್ಲ ಶಿಸ್ತಾಗಿ ನಡೆಯುತ್ತಿದ್ದಾಗ, ಕಳೆದ ವರ್ಷ ಪಕ್ಕದ ಕೋಣೆಗೆ ಎರಡನೆಯ ಸಲಹೆಗಾರನನ್ನು ತಂದು ಕೂರಿಸಿದರು. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ. ನಾನೇ ‘ಉಪಯೋಗಕ್ಕಿಲ್ಲ’ ಎಂದು ಸಹಿ ಹಾಕಿ ಗುಜರಿಗೆ ತೆಗೆದಿಡಿಸಿದ್ದ ಸ್ಟಾಫ್ ರೂಮಿನ ಸೋಫಾವನ್ನು ಆತ ಮೆಟ್ಟಿಲ ಕೆಳಗಿನಿಂದ ಎಳೆದು ತಂದ. ಮುರಿದ ಕಾಲಿಗೆ ಇಟ್ಟಿಗೆ ಕೊಟ್ಟು, ಮಕ್ಕಳನ್ನು ಅದರ ಮೇಲೆ ಕೂರಿಸತೊಡಗಿದ. ವಾರದೊಳಗೆ ‘ಸೋಫಾ ಸರ್’ ಆಗಿಬಿಟ್ಟ. ಅಲ್ಲಿ ರಿಜಿಸ್ಟರ್ ಇಲ್ಲ, ಪಟ ಇಲ್ಲ. ‘ನಿನ್ನೆ ಏನು ಮಾಡ್ತಿದ್ದಾಗ ಟೈಮ್ ಹೋಗಿದ್ದೇ ಗೊತ್ತಾಗ್ಲಿಲ್ಲ?’ ಎಂದು ಕೇಳುತ್ತಾನಂತೆ. ಇದೂ ಒಂದು ಪ್ರಶ್ನೆಯೇ? ನಿದ್ದೆ ಮಾಡುವಾಗ ನನಗೂ ಗೊತ್ತಾಗುವುದಿಲ್ಲ.

ಹೊಟ್ಟೆ ಉರಿಯಿತೇ ಎಂದರೆ ಉರಿಯಿತು, ಸುಳ್ಳೇಕೆ ಹೇಳಲಿ. ಆತನ ಬಾಗಿಲಲ್ಲಿ ಸಾಲು ನಿಲ್ಲುತ್ತಿತ್ತು. ನನ್ನ ಬಾಗಿಲಿಗೆ ಬಂದವರು ‘ಸೋಫಾ ಸರ್ ಊಟಕ್ಕೆ ಹೋದ್ರಾ ಮೇಡಂ?’ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ನಾನು ಅರ್ಜಿಗೆ ಸೀಲು ಒತ್ತುವವಳೋ, ಆತನ ವಿಚಾರಣೆ ಕೌಂಟರೋ? ಅಟೆಂಡರ್ ಕೂಡ ಚಹಾ ಮೊದಲು ಅಲ್ಲಿಗೆ ಕೊಟ್ಟು, ತಣ್ಣಗಾದದ್ದನ್ನು ನನಗೆ ತರತೊಡಗಿದ. ಗೋಡೆಯಾಚೆ ನಗು ಕೇಳಿದಾಗಲೆಲ್ಲ ನನ್ನ ಕಪಾಟಿನ ಬಾಗಿಲನ್ನು ರಪ್ಪೆಂದು ಮುಚ್ಚುತ್ತಿದ್ದೆ. ಕಬ್ಬಿಣದ ಕಪಾಟು, ಸದ್ದು ಚೆನ್ನಾಗಿ ಬರುತ್ತದೆ.

ಇಷ್ಟನ್ನಾದರೂ ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದೆನೋ ಏನೋ. ಆದರೆ ನನ್ನ ಮಗಳೂ ಇದೇ ಶಾಲೆಯಲ್ಲಿ ಕೊನೆಯ ವರ್ಷದಲ್ಲಿದ್ದಳು. ಗೇಟಿನ ಒಳಗೆ ನನ್ನನ್ನು ‘ಮೇಡಂ’ ಎನ್ನಬೇಕು, ಗೇಟಿನ ಹೊರಗೆ ‘ಅಮ್ಮ’. ಇದು ನಾನೇ ಮಾಡಿದ ನಿಯಮ. ಅವಳು ಫಾರ್ಮಸಿ ಓದಬೇಕೆಂದು ಎಂಟನೇ ತರಗತಿಯಲ್ಲೇ ತೀರ್ಮಾನಿಸಿದ್ದೆ. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮನೆಗೆ ಬಂದರೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಯಾವ ಬಸ್ಸು ಎಲ್ಲಿ ತಿರುಗಿ ಎಲ್ಲಿಗೆ ಹೋಗುತ್ತದೆ ಎಂದು ಬಣ್ಣಬಣ್ಣದ ಗೆರೆ ಎಳೆಯುತ್ತಾ ಕೂರುತ್ತಿದ್ದಳು. ‘ಬಸ್ಸು ಅದರ ಪಾಡಿಗೆ ಅದು ಹೋಗುತ್ತೆ, ನೀನು ಓದ್ಕೋ’ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಪಕ್ಕದ ಕೋಣೆಯ ಬಾಗಿಲಿನ ಗಾಜಿನಲ್ಲಿ ಅವಳ ಹಸಿರು ಕ್ಲಿಪ್ಪು ಕಂಡಿತು. ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು. ಮಾತಾಡುತ್ತಿದ್ದಳು. ಬರೀ ಮಾತಲ್ಲ, ಎರಡೂ ಕೈ ಆಡಿಸುತ್ತಾ, ಗಾಳಿಯಲ್ಲಿ ಏನೋ ಗೆರೆ ಎಳೆಯುತ್ತಾ. ನನ್ನ ಜೊತೆ ಊಟಕ್ಕೆ ಕೂತರೆ ಹತ್ತು ಮಾತು ಹೊರಡದ ಹುಡುಗಿ. ಆತ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ. ನಾನು ಹೆತ್ತು ಸಾಕಿದ್ದು, ಮಾತು ಆತನಿಗೆ. ಮೈ ಪರಚಿಕೊಳ್ಳುವಂತಾಯಿತು.

ಅಂದು ಸಂಜೆ ಕೇಳಿಯೇ ಬಿಟ್ಟೆ. “ಸೋಫಾ ಸರ್ ಹತ್ರ ನಿಂಗೇನು ಕೆಲಸ?”

“ಏನಿಲ್ಲಮ್ಮ. ಸುಮ್ನೆ.”

ಆ ‘ಸುಮ್ನೆ’ಯನ್ನು ನಾನು ಮೂರು ವಾರ ಅಗಿದೆ.

ಅರ್ಜಿ ಕಳಿಸಲು ಕೊನೆಯ ದಿನ ಬಂತು. ನಾಲ್ಕು ಗಂಟೆಗೆ ಕೊರಿಯರ್ ವ್ಯಾನು. ಆಮೇಲೆ ಹೋದ ಅರ್ಜಿಯನ್ನು ಯಾವ ಕಾಲೇಜೂ ಮುಟ್ಟುವುದಿಲ್ಲ, ಒಂದು ವರ್ಷ ಮಣ್ಣುಪಾಲು. ಬೆಳಿಗ್ಗೆ ಸೋಫಾ ಸರ್ ತನ್ನ ಕಟ್ಟನ್ನು ತಂದಿಟ್ಟ. “ಮೂವತ್ತೆರಡಿವೆ ಮೇಡಂ. ನಿಮ್ಮ ಸೀಲ್ ಆದ್ರೆ ಅಟೆಂಡರ್ ಆಫೀಸಿಗೆ ಕೊಟ್ಬಿಡ್ತಾರೆ,” ಎಂದು ವಿನಯವಾಗಿ ಹೇಳಿ ಹೋದ. ಆತನ ಆ ವಿನಯವೂ ನನಗೆ ಆಗದು.

ಸೀಲು ಒತ್ತುವುದು ಕೊನೆಯ ಪುಟಕ್ಕೆ. ಉಳಿದ ಪುಟಗಳನ್ನು ನಾನು ನೋಡುವುದಿಲ್ಲ. ಆದರೆ ಹದಿನೇಳನೆಯ ಅರ್ಜಿಯಲ್ಲಿ ಮಗಳ ದುಂಡಗಿನ ಅಕ್ಷರ ಕಂಡಿತು. ಮೊದಲ ಪುಟಕ್ಕೆ ಹೋದೆ. ಈ ವರ್ಷ ಅರ್ಜಿಯನ್ನು ಮಕ್ಕಳಿಗೆ ಅರ್ಥವಾಗುವ ಆಡುಮಾತಿನಲ್ಲಿ ಹೊಸದಾಗಿ ಅಚ್ಚು ಹಾಕಿಸಿದ್ದರು, ಒತ್ತೊತ್ತಾಗಿ. ಮಾರ್ಗದರ್ಶಕರ ಹೆಸರು ಎಂಬಲ್ಲಿ ಆತನ ಹೆಸರು, ಆತನ ಸಹಿ. ನನ್ನ ಮಗಳಿಗೆ ಮಾರ್ಗದರ್ಶಕ ಆತ! ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. ‘ಏನಾಗಬೇಕು?’ ಎಂದು ಅಚ್ಚಾಗಿತ್ತು. ಮುಂದೆ ಅವಳು ಬರೆದಿದ್ದಳು: ಏನೂ ಆಗಬೇಕಿಲ್ಲ.

ಹತ್ತೊಂಬತ್ತು ವರ್ಷ ಊರ ಮಕ್ಕಳಿಗೆಲ್ಲ ನಾನು ಕೇಳಿದ ಪ್ರಶ್ನೆಗೆ ನನ್ನ ಮಗಳು ಕೊಟ್ಟ ಉತ್ತರ ಇದು. ಆ ಸೋಫಾದ ಮೇಲೆ ಕೂರಿಸಿ ಕಲಿಸಿದ್ದು ಇದನ್ನೇ. ಪುಟ ತಿರುಗಿಸುವ ತಾಳ್ಮೆ ಎಲ್ಲಿತ್ತು? ಅರ್ಜಿಯನ್ನು ಡ್ರಾಯರಿಗೆ ತಳ್ಳಿ ಬೀಗ ಹಾಕಿದೆ. ಉಳಿದ ಮೂವತ್ತೊಂದಕ್ಕೆ ಸೀಲು ಒತ್ತಿ ಆಫೀಸಿಗೆ ಕಳಿಸಿದೆ. ನಿಜ ಹೇಳಬೇಕೆಂದರೆ, ಆತನ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು ಎಂಬ ಸಣ್ಣ ಖುಷಿಯೂ ಇತ್ತು. ಆ ಒಂದು ನನ್ನ ಮಗಳು ಎಂಬುದು ಆಗ ತಲೆಗೆ ಹೋಗಲಿಲ್ಲ.

ಮೂರೂವರೆಗೆ ಬಾಗಿಲು ತಳ್ಳಿಕೊಂಡು ಅವಳೇ ಬಂದಳು. ಈ ಕೋಣೆಗೆ ವಿದ್ಯಾರ್ಥಿಯಾಗಿ ಬಂದದ್ದು ಅದೇ ಮೊದಲು. ಓಡಿ ಬಂದಿದ್ದಳು. ರಿಜಿಸ್ಟರ್ ದಾಟಿ ನೇರ ನನ್ನ ಮೇಜಿಗೆ ಬಂದು ನಿಂತಳು.

“ಏನಾಗಬೇಕಿತ್ತು?” ಎಂದೆ, ಕೌಂಟರಿನಲ್ಲಿ ಕೂತವರ ಹಾಗೆ.

“ನನ್ನ ಅರ್ಜಿ ಆಫೀಸಿಗೆ ಬಂದಿಲ್ಲವಂತೆ ಮೇಡಂ.”

“ನನ್ನ ಹತ್ರ ಇದೆ. ಏನೂ ಆಗಬೇಕಿಲ್ಲ ಅಂತ ಬರೆದಿದ್ದೀಯಲ್ಲ, ಏನೂ ಆಗಬೇಕಿಲ್ಲದವಳಿಗೆ ಕಾಲೇಜು ಯಾಕೆ? ಮನೇಲೇ ಇರು.”

ಅವಳ ಹುಬ್ಬು ಗಂಟಾಯಿತು. “ಎಲ್ಲಿ ಬರ್ದಿದ್ದೀನಿ?”

ಡ್ರಾಯರ್ ತೆಗೆದು ಹಾಳೆಯನ್ನು ಅವಳ ಮುಂದೆ ಬಡಿದೆ. ಅವಳು ನೋಡಿದಳು. ನಗಲಿಲ್ಲ, ಅದು ಅವಳ ದೊಡ್ಡತನ. ಸಾಲಿನ ತುದಿಯಲ್ಲಿ ಬೆರಳಿಟ್ಟು, ಒಂದನೇ ತರಗತಿಯ ಮಗುವಿಗೆ ಓದಿಸುವ ಹಾಗೆ ಓದಿದಳು.

“‘ಮಾರ್ಗದರ್ಶಕರ ಹೆಸರು. ಅವರು ನಿಮಗೆ’... ಇಲ್ಲಿಗೆ ಸಾಲು ಮುಗೀತು. ಕೆಳಗೆ ‘ಏನಾಗಬೇಕು?’ ಸೋಫಾ ಸರ್ ನನಗೆ ಏನೂ ಆಗಬೇಕಿಲ್ಲ ಮೇಡಂ. ಚಿಕ್ಕಪ್ಪ ಅಲ್ಲ, ಮಾವ ಅಲ್ಲ. ಸಂಬಂಧಿಕರು ಸಹಿ ಹಾಕಿದ್ರೆ ಅರ್ಜಿ ತಿರಸ್ಕಾರ ಅಂತ ಇದರ ಹಿಂಬದೀಲೇ ಇದೆ. ನಿಮ್ಮ ಹತ್ರ ಹೇಗೆ ಸಹಿ ಹಾಕಿಸ್ಲಿ?”

ನಾಲಿಗೆ ಕಚ್ಚಿಕೊಂಡೆ. ಅರ್ಜಿ ತುಂಬಿಸುವುದನ್ನೇ ಉದ್ಯೋಗ ಮಾಡಿಕೊಂಡವಳು ಒಂದು ಸಾಲನ್ನು ನೆಟ್ಟಗೆ ಓದಿರಲಿಲ್ಲ. ಎರಡನೆಯ ಪುಟ ತಿರುಗಿಸಿದೆ. ಓದಲು ಬಯಸುವ ವಿಷಯ: ನಕ್ಷೆ ತಯಾರಿಕೆ. ನನ್ನ ಗೋಡೆಯ ಪಟದಲ್ಲಿ ಅದು ನಲವತ್ತೊಂದನೆಯದು. ನಾನೇ ಅಂಟಿಸಿದ ಪಟ. ಆ ಕ್ಯಾಲೆಂಡರ್ ಹಾಳೆಗಳು ಏನೆಂದು ನನಗೆ ಆಗ ಹೊಳೆಯಿತು. ಆತನಿಗೆ ಒಂದೇ ಮಧ್ಯಾಹ್ನದಲ್ಲಿ ಹೊಳೆದಿತ್ತು.

ಸೀಲನ್ನು ಶಾಯಿಗೆ ಅದ್ದಿದೆ. ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ಒತ್ತಿ ಕೊಟ್ಟು ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಸಂಕಟ ಸುಮ್ಮನಿರಬೇಕಲ್ಲ.

“ಆ ನಿಯಮ ಇಲ್ದೇ ಇದ್ದಿದ್ರೆ ನನ್ನ ಹತ್ರ ಬರ್ತಿದ್ಯಾ?”

ಅವಳು ಗೋಡೆಯ ಪಟ ನೋಡಿದಳು, ಸೀಲು ನೋಡಿದಳು. “ಇಲ್ಲ,” ಎಂದಳು. ಆಮೇಲೆ ಮೆಲ್ಲಗೆ, “ನೀನು ಏನಾಗಬೇಕು ಅಂತ ಕೇಳ್ತೀಯಮ್ಮ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ನಿನ್ನ ಹತ್ರ ಹೇಳೋಕೆ ಭಯ ಆಗ್ತಿತ್ತು.”

ಗೇಟಿನ ಒಳಗೆ ಅವಳು ನನ್ನನ್ನು ಅಮ್ಮ ಎಂದದ್ದು ಅದೇ ಮೊದಲು. ನಿಯಮ ನೆನಪಿಸಲಿಲ್ಲ. ಸೀಲು ಒತ್ತಿ, ಅರ್ಜಿ ಕೊಟ್ಟೆ. ಅವಳು ಬಾಗಿಲಿಗೆ ಹೋದಾಗ ಮಾತ್ರ ನನ್ನ ಹಾಳು ಬುದ್ಧಿ ಮತ್ತೆ ತಲೆ ಎತ್ತಿತು.

“ರಿಜಿಸ್ಟರ್ ಬರೀದೆ ಒಳಗೆ ಬಂದಿದ್ದೀಯ. ಬರೆದು ಹೋಗು. ಎಲ್ಲರಿಗೂ ಒಂದೇ ನಿಯಮ.”

ಅವಳು ಬಗ್ಗಿ ಅವಸರದಲ್ಲಿ ಏನೋ ಗೀಚಿ ಓಡಿದಳು. ಸ್ವಲ್ಪ ಹೊತ್ತಿಗೆ ವ್ಯಾನು ಹೊರಟ ಸದ್ದಾಯಿತು. ಅದರ ಹಿಂದೆಯೇ ಗೋಡೆಯಾಚೆ ನಗು, ಆತನದೂ ಅವಳದೂ. ಹೊಟ್ಟೆ ಮತ್ತೆ ಉರಿಯಿತು. ಕಪಾಟಿನ ಬಾಗಿಲು ಬಡಿಯೋಣವೆಂದು ಎದ್ದೆ. ದಾರಿಯಲ್ಲಿ ರಿಜಿಸ್ಟರ್ ತೆರೆದೇ ಇತ್ತು. ಹೆಸರು ಬರೆದಿದ್ದಳು, ತರಗತಿ ಬರೆದಿದ್ದಳು. ಏನಾಗಬೇಕು ಎಂಬ ಕಾಲಂನಲ್ಲಿ, ಡಾಕ್ಟರು ಪೈಲಟ್‌ಗಳ ಕೆಳಗೆ, ‘ಮಗಳು’ ಎಂದಿತ್ತು.