ಚೀಟಿ ಇಲ್ಲದ ಗುಳಿಗೆ

ಮೂರ್ಛೆ ಬಂದು ಬಿದ್ದವರಿಗೆ ನಮ್ಮ ಊರುಗಳಲ್ಲಿ ಏನು ಮಾಡುತ್ತಾರೆಂದು ನಿಮಗೆ ಗೊತ್ತೇ ಇದೆ. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಒಬ್ಬರು ಕೀಲಿಕೈ ತಂದು ಅಂಗೈಯಲ್ಲಿ ಇಡುತ್ತಾರೆ. ಇನ್ನೊಬ್ಬರು ದೂರ ನಿಂತು 'ಗಾಳಿ ಸೋಕ್ಯಾದ' ಎನ್ನುತ್ತಾರೆ.

ಅಕ್ಕಲಕೋಟೆ ತಾಲೂಕಿನ ಕುರನೂರಿನಲ್ಲಿ ಕುರಿಗಾರ ಮರೆಪ್ಪನ ಮಗಳು ನೀಲಗಂಗಾ ಒಲೆಯ ಮುಂದೆ ಬಿದ್ದ ದಿನವೂ ಇದೆಲ್ಲ ಆಯಿತು. ಬೀಳುವಾಗ ಅವಳ ಮೊಣಕೈ ಕೆಂಡಕ್ಕೆ ತಾಗಿತು. ತಾಯಿ ಸುಗಲಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವಳನ್ನು ಈಚೆಗೆ ಎಳೆದಳು.

ಅಂದಿನಿಂದ ಸುಗಲಾಬಾಯಿ ಮಗಳನ್ನು ಒಲೆಯ ಹತ್ತಿರ ಬಿಡಲಿಲ್ಲ, ನೀರಿಗೂ ಕಳಿಸಲಿಲ್ಲ. ಉಣ್ಣೆ ನೂಲುವುದರಲ್ಲಿ ನೀಲಗಂಗಾಳಷ್ಟು ಚುರುಕಾದ ಹುಡುಗಿ ಆ ಓಣಿಯಲ್ಲಿ ಇರಲಿಲ್ಲ. ಓರಗೆಯ ಹುಡುಗಿಯರು ಅವಳ ಮನೆಯಲ್ಲೇ ರಾಟೆ ತಂದಿಟ್ಟುಕೊಂಡು ಹರಟೆ ಹೊಡೆಯುತ್ತ ನೂಲುತ್ತಿದ್ದರು. ಈಗ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಕೆಲವರ ತಾಯಂದಿರು ಅದು ಅಂಟುರೋಗವೆಂದು ಹೇಳಿದ್ದರಂತೆ. ನೀಲಗಂಗಾ ಗೋಡೆಗೆ ಮುಖ ಮಾಡಿ ಒಬ್ಬಳೇ ನೂಲುತ್ತ ಕೂಡುತ್ತಿದ್ದಳು.

ಮರೆಪ್ಪ ಕುರಿಗಾರರ ದೇವರು ಬೀರೋಬನಿಗೆ ಹರಕೆ ಹೊತ್ತ, ಮಗಳ ಹಣೆಗೆ ಭಂಡಾರದ ಅರಿಸಿನ ಹಚ್ಚಿದ. ಆದರೂ ಮೂರ್ಛೆ ನಿಲ್ಲಲಿಲ್ಲ. ಕೊನೆಗೆ ಸುಗಲಾಬಾಯಿಯೇ ಹಟ ಹಿಡಿದು, "ದೇವರಿಗಿ ನಡಕೊಳ್ಳೋಣು, ದವಾಖಾನಿಗೂ ಹೋಗೋಣು. ದೇವರೇನು ಬ್ಯಾಡ ಅಂತಾನೇನ್ರಿ?" ಎಂದಳು. ಮೂವರೂ ಸೊಲ್ಲಾಪುರಕ್ಕೆ ಹೋದರು.

ಅಲ್ಲಿಯ ಡಾಕ್ಟರು ನೀಲಗಂಗಾಳನ್ನು ನಿಧಾನವಾಗಿ ನೋಡಿದರು. ಆಮೇಲೆ ತಾಯಿಯ ಕಡೆ ತಿರುಗಿ ಹೇಳಿದರು: "ಇದು ದೆವ್ವ ಅಲ್ಲ, ಗಾಳಿ ಅಲ್ಲ, ಅಂಟೋ ರೋಗಾನೂ ಅಲ್ಲ. ಮಿದುಳಿನ ರೋಗ. ದಿನಾ ಗುಳಿಗಿ ತಗೊಂಡ್ರ ಹತೋಟಿಗಿ ಬರತದ. ಚಲೋ ಆತು ಅಂತ ನಡುವ ಬಿಡಬ್ಯಾಡ್ರಿ. ಗುಳಿಗಿ ಮುಗಿಯೂಕಿಂತ ಮೊದಲ ನನ್ನ ಕಡಿ ಬರ್ರಿ."

ಅವರು ಬರೆದುಕೊಟ್ಟ ಚೀಟಿಯನ್ನು ಹಿಡಿದು ಮರೆಪ್ಪ ಪೇಟೆಯ ಶಿವಶರಣಪ್ಪನವರ ಔಷಧದ ಅಂಗಡಿಯಲ್ಲಿ ಗುಳಿಗೆ ತಂದ. ಗುಣ ಕಂಡಿತು. ಜೋಳದ ಸುಗ್ಗಿ ಬಂದು ಹೋಯಿತು, ನೀಲಗಂಗಾಳಿಗೆ ಒಮ್ಮೆಯೂ ಮೂರ್ಛೆ ಬರಲಿಲ್ಲ. ಅವಳು ಮತ್ತೆ ರೊಟ್ಟಿ ಬಡಿದಳು. ಓಣಿಯ ಹುಡುಗಿಯರು ಒಬ್ಬೊಬ್ಬರಾಗಿ ರಾಟೆ ಎತ್ತಿಕೊಂಡು ಮರಳಿ ಬಂದರು.

ಗುಳಿಗೆ ಮುಗಿಯುತ್ತ ಬಂತು. ಕುರಿಗಳ ಉಣ್ಣೆ ಕತ್ತರಿಸುವ ಕಾಲ ಅದು. ಮರೆಪ್ಪ ಅವಸರದಲ್ಲಿ ಒಬ್ಬನೇ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದ. ಡಾಕ್ಟರ ಕಡೆ ಹೋಗದೆ ನೆಟ್ಟಗೆ ಅಂಗಡಿಗೆ ಬಂದು ಹಳೆಯ ಚೀಟಿಯನ್ನು ಮುಂದೆ ಇಟ್ಟ.

ಶಿವಶರಣಪ್ಪನವರು ಚೀಟಿ ತಿರುಗಿಸಿ ನೋಡಿದರು. ಹಿಂದೆ ಗುಳಿಗೆ ಕೊಟ್ಟಾಗ ತಾವೇ ಒತ್ತಿದ ಅಂಗಡಿಯ ಮುದ್ರೆ, ತಾರೀಖು ಅದರ ಮೇಲಿತ್ತು.

"ಮರೆಪ್ಪ, ಈ ಚೀಟಿಗಿ ಗುಳಿಗಿ ಕೊಟ್ಟಾಗ್ಯಾದ. ಮತ್ತ ಕೊಡ್ರಿ ಅಂತ ಡಾಕ್ಟರು ಇದರಾಗ ಬರದಿಲ್ಲ. ಹೊಸಾದು ಬರಿಸ್ಕೊಂಡು ಬಾ."

"ಅದs ಗುಳಿಗಿ, ಅದs ಹುಡುಗಿ ಸಾವಕಾರ್ರ. ಮತ್ತ್ಯಾಕ ಚೀಟಿ?"

"ಕಾಯ್ದೆ ಅದ ಮರೆಪ್ಪ. ಇಂಥಾ ಔಷಧ ಡಾಕ್ಟರ ಚೀಟಿ ಇಲ್ಲದs ಮಾರೂಹಂಗಿಲ್ಲ."

"ಮೊದಲ ಕಿರಾಣಿ ಅಂಗಡ್ಯಾಗ ಸುದ್ದಾ ಔಷಧ ಸಿಗತಿತ್ತು. ಆಗ ಯಾರೂ ಚೀಟಿ ಕೇಳಲಿಲ್ಲ. ಈಗ ಬಡವರಿಗೆ ಅಡ್ಡಾಡಿಸಾಕ ಒಂದು ಕಾಯ್ದೆ ಮಾಡ್ಯಾರ."

"ಸಿಟ್ಟಾಗಬ್ಯಾಡ. ಡಾಕ್ಟರು ಸಂಜಿಗಿ ಬರತಾರ. ಅಲ್ಲೀತನಕ ಇಲ್ಲೇ ನೆರಳಾಗ ಕೂಡು."

"ಮನ್ಯಾಗ ಉಣ್ಣಿ ಕತ್ತರಸಾಕ ಮಂದಿ ಬಂದಾರ, ನಾ ಇಲ್ಲಿ ಕೂಡ್ಲೇನು?"

ಮರೆಪ್ಪ ಚೀಟಿ ಕಸಿದುಕೊಂಡು ಮೆಟ್ಟಿಲು ಇಳಿದೇಬಿಟ್ಟ. ಶಿವಶರಣಪ್ಪನವರು ಹೆಗಲ ಮೇಲೆ ಶಲ್ಯ ಹಾಕಿಕೊಂಡು, "ತಡಿಯೋ, ಡಾಕ್ಟರ ಮನಿಗಿ ನಾನs ಬರ್ತೀನಿ" ಎನ್ನುತ್ತ ಹೊರಗೆ ಬಂದರು. ಅಷ್ಟರಲ್ಲಿ ಅವನು ಸಂದಿ ದಾಟಿ ಹೋಗಿದ್ದ.

ದಾರಿಯಲ್ಲಿ ಅಕ್ಕಲಕೋಟೆಯ ಸಂತೆ. ಅಲ್ಲಿ ಒಬ್ಬ ಪರವೂರಿನವನು ತಗಡಿನ ಪೆಟ್ಟಿಗೆ ಬಿಚ್ಚಿಟ್ಟು ಔಷಧ ಮಾರುತ್ತಿದ್ದ. ಕೆಮ್ಮು, ಹೊಟ್ಟೆನೋವು, ಬಾಣಂತಿಯ ನಂಜು, ಎಲ್ಲದಕ್ಕೂ ಅವನ ಹತ್ತಿರ ಗುಳಿಗೆ ಇತ್ತು. ಮರೆಪ್ಪ ಗುರುತಿಗೆಂದು ರುಮಾಲಿನ ಚುಂಗಿನಲ್ಲಿ ಕಟ್ಟಿಕೊಂಡಿದ್ದ ಕೊನೆಯ ಗುಳಿಗೆಯನ್ನು ತೋರಿಸಿದ. ಮಾರುವವನು ಅದನ್ನು ಬೆರಳಲ್ಲಿ ಹೊರಳಿಸಿ, "ಇದs ನನ್ನ ಕಡಿ ಅದ. ಚೀಟಿಪಾಟಿ ಏನೂ ಬ್ಯಾಡ" ಎಂದು ಒಂದು ಸಣ್ಣ ಪೊಟ್ಟಣ ಕಟ್ಟಿಕೊಟ್ಟ.

ಮನೆಗೆ ಬಂದ ಮರೆಪ್ಪ ಪೊಟ್ಟಣವನ್ನು ಹೆಂಡತಿಯ ಕೈಗೆ ಕೊಟ್ಟು, "ನೋಡು, ಸೊಲ್ಲಾಪುರದ ಸಾವಕಾರ ಕೊಡಲಿಲ್ಲ. ನಾ ಬಿಟ್ಟೇನೇನು?" ಎಂದ.

ಗುಳಿಗೆ ಬೆಳ್ಳಗೇ ಇತ್ತು, ದುಂಡಗೇ ಇತ್ತು. ಆದರೆ ನೀಲಗಂಗಾ ಅದನ್ನು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದಳು. "ಅಪ್ಪಾ, ಮೊದಲಿಂದು ಕಹಿ ಇತ್ತು. ಇದು ಸುಣ್ಣ ನೆಕ್ಕಿದಂಗ ಆಗತದ."

"ಕಹಿ ಇಲ್ಲಂದ್ರ ಚಲೋನs ಆತು. ನುಂಗು."

ಸುಗಲಾಬಾಯಿ ಗಂಡನ ಮುಖ ನೋಡಿದಳು. ಪೊಟ್ಟಣದ ಮೇಲೆ ಹೆಸರಿಲ್ಲ, ಗುರುತಿಲ್ಲ. ಏನೋ ಹೇಳಬೇಕೆಂದುಕೊಂಡಳು. ಅವನು ದಣಿದು ಬಂದಿದ್ದ. ಹೇಳಲಿಲ್ಲ.

ಕೆಲವು ದಿನ ಏನೂ ಆಗಲಿಲ್ಲ. ಕತ್ತರಿಸಿದ ಉಣ್ಣೆಯನ್ನು ತೊಳೆಯಲು ಹೆಂಗಸರೆಲ್ಲ ಬೋರಿ ಹೊಳೆಗೆ ಹೊರಟರು. ನೀಲಗಂಗಾಳೂ ಹೊರಟಳು. ಮೊಣಕಾಲುದ್ದದ ನೀರಿನಲ್ಲಿ ನಿಂತು, ನೆನೆದು ಭಾರವಾದ ಉಣ್ಣೆಯನ್ನು ಹಿಂಡುತ್ತ ಹುಡುಗಿಯರು ನಗುತ್ತಿದ್ದರು. ನೀಲಗಂಗಾಳ ನಗು ನಡುವೆಯೇ ನಿಂತಿತು. ಸುಗಲಾಬಾಯಿ ತಿರುಗಿ ನೋಡಿದಾಗ ಮಗಳು ನೀರಿನಲ್ಲಿ ಬೋರಲು ಬಿದ್ದಿದ್ದಳು.

ತಾಯಿ ಅವಳ ಜಡೆಗೇ ಕೈ ಹಾಕಿ ತಲೆ ಎತ್ತಿದಳು. ಎಲ್ಲರೂ ಸೇರಿ ದಂಡೆಗೆ ತಂದರು. ಮೈ ಸೆಟೆದುಕೊಂಡು ಕೈಕಾಲು ಬಡಿಯುತ್ತಿದ್ದವು. ಒಂದು ಸಲದ ಸೆಳೆತ ನಿಂತಿತೆನ್ನುವಷ್ಟರಲ್ಲಿ ಇನ್ನೊಂದು ಶುರುವಾಯಿತು. ನಡುವೆ ಅವಳಿಗೆ ಎಚ್ಚರವೇ ಬರಲಿಲ್ಲ.

ಮರೆಪ್ಪ ಬಂಡಿ ಹೂಡಿಕೊಂಡು ಬಂದ. ಅಕ್ಕಲಕೋಟೆಯ ನಿಲ್ದಾಣದಲ್ಲಿ ಸೊಲ್ಲಾಪುರದ ಬಸ್ಸು ಹೊರಡುವುದರಲ್ಲಿತ್ತು. ಹುಡುಗಿಯ ಸ್ಥಿತಿ ನೋಡಿ ಮುಂದಿನ ಸೀಟಿನವರು ಎದ್ದು ಜಾಗ ಬಿಟ್ಟರು. ದಾರಿಯುದ್ದಕ್ಕೂ ಸುಗಲಾಬಾಯಿ ಮಗಳನ್ನು ಒಂದು ಮಗ್ಗುಲಿಗೆ ಮಲಗಿಸಿಕೊಂಡು ಬಾಯಿಯ ನೊರೆ ಒರೆಸುತ್ತಿದ್ದಳು. ಮರೆಪ್ಪನ ಕೈ ಅಂಗಿಯ ಕಿಸೆಯಲ್ಲಿದ್ದ ಪೊಟ್ಟಣದ ಮೇಲೆಯೇ ಇತ್ತು.

ದವಾಖಾನೆಯಲ್ಲಿ ಸೂಜಿ ಚುಚ್ಚಿದರು. ಸೆಳೆತ ನಿಂತಿತು. ಡಾಕ್ಟರು ಹೊರಗೆ ಬಂದು ಕೇಳಿದರು: "ಗುಳಿಗಿ ಬಿಡಿಸಿದ್ರೇನು?"

"ಇಲ್ರಿ. ದಿನಾ ಕೊಟ್ಟೀವಿ." ಮರೆಪ್ಪ ಪೊಟ್ಟಣ ತೆಗೆದು ಕೊಟ್ಟ.

ಡಾಕ್ಟರು ಒಂದು ಗುಳಿಗೆಯನ್ನು ಉಗುರಿನಿಂದ ಒತ್ತಿದರು. ಅದು ಹಿಟ್ಟಾಗಿ ಉದುರಿತು. "ಇದು ನಾ ಬರದ ಔಷಧ ಅಲ್ಲ. ಏನದ ಅಂತ ತಪಾಸಣಿ ಮಾಡಿದ ಮ್ಯಾಲೇ ಗೊತ್ತಾಗತದ. ಆದರ ಇಷ್ಟು ದಿನ ನಿನ್ನ ಮಗಳು ಔಷಧ ಇಲ್ಲದs ಇದ್ದಾಳ. ಈ ಔಷಧ ಒಮ್ಮೆಲೆ ನಿಂತ್ರ ಮೂರ್ಛಿ ಮೊದಲಿಗಿಂತ ಜೋರಾಗಿ ತಿರುಗಿ ಬರತದ. ಇನ್ನೊಂಚೂರು ತಡ ಆಗಿದ್ರ..."

ಮರೆಪ್ಪ ಗೋಡೆಗೆ ಒರಗಿ ಕೂತ. ಸುಗಲಾಬಾಯಿ ಅವನ ಪಕ್ಕದಲ್ಲಿ ಕೂತಳು. "ನನಗೂ ಸಂಶೇ ಬಂದಿತ್ತು. ನಾನೂ ಸುಮ್ಮನಿದ್ದೆ" ಎಂದಷ್ಟೇ ಹೇಳಿದಳು.

ಮರುದಿನ ಬೆಳಗ್ಗೆ ನೀಲಗಂಗಾ ಕಣ್ಣು ತೆರೆದಳು. ಮೊದಲು ಕೇಳಿದ್ದು, "ಯವ್ವಾ, ಉಣ್ಣಿ ಹರಕೊಂಡು ಹೋತೇನು?" ಎಂದು. ಮರೆಪ್ಪ ರುಮಾಲಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದ.

ಡಾಕ್ಟರು ಹೊಸ ಚೀಟಿ ಬರೆದುಕೊಟ್ಟರು. ಅದನ್ನು ಹಿಡಿದು ಮರೆಪ್ಪ ಶಿವಶರಣಪ್ಪನವರ ಅಂಗಡಿಗೆ ಹೋಗಿ ನಡೆದದ್ದನ್ನು ಹೇಳಿದ. ಅವರು ಎಲ್ಲವನ್ನೂ ಕೇಳಿದರು. ಬಯ್ಯಲಿಲ್ಲ. ಕುಡಿಯಲು ನೀರು ಕೊಟ್ಟರು.

"ನನ್ನ ಮ್ಯಾಲೆ ನಿಮಗ ಇಶ್ವಾಸ ಇಲ್ಲ ಅಂತ ತಿಳದಿದ್ದೆ ಸಾವಕಾರ್ರ" ಎಂದ ಮರೆಪ್ಪ.

"ಇಶ್ವಾಸದ ಮಾತಲ್ಲಪ್ಪ ಇದು. ನಿನ್ನ ಮಗಳು ಬೆಳಿಯೂ ಹುಡುಗಿ. ಔಷಧ ಹೆಚ್ಚು ಮಾಡಬೇಕೋ, ಅಷ್ಟs ಇರಬೇಕೋ ಅನ್ನೂದು ಅಕಿನ್ನ ನೋಡಿದ ಡಾಕ್ಟರಿಗಿ ಗೊತ್ತು. ಅದಕ್ಕs ಅವರ ಕೈಬರಹ, ಸಹಿ ಬೇಕು. ಈ ಗುಳಿಗಿ ಹೆಚ್ಚಾದ್ರ ಮಲಗಿದವರು ಏಳೂದಿಲ್ಲ, ಕಡಿಮಿ ಆದ್ರ ಏನಾಗತದ ನೀನs ನೋಡಿದಿ. ಇಂಥಾದ್ದನ್ನ ಬೆಲ್ಲ ಮಾರಿದಂಗ ಮಾರಾಕ ಬರತದೇನು?"

ಅವರು ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಕಾಗದ ತೋರಿಸಿದರು. "ಇದು ನನ್ನ ನೋಂದಣಿ ಪತ್ರ. ಯಾರು ಬೇಕಾದ್ರ ಅವರು ಔಷಧ ಕಟ್ಟಿ ಕೊಡೂಹಂಗಿಲ್ಲ ಅಂತ ಕಾಯ್ದೆ ಬಂದ ಮ್ಯಾಲೆ ನಮ್ಮ ಮುಂಬೈ ರಾಜ್ಯದಾಗ ಔಷಧ ಕೊಡೋರ ಹೆಸರು ಬರಕೊಂಡಾರ. ನಾಳಿ ನಾ ತಪ್ಪು ಔಷಧ ಕೊಟ್ರ ನನ್ನ ಹಿಡದು ಕೇಳಬಹುದು. ಆ ಪೆಟಗಿಯವನ್ನ ಎಲ್ಲಿ ಹುಡುಕತಿ?"

ಮರೆಪ್ಪ ತಲೆ ತಗ್ಗಿಸಿದ. "ಆದ್ರೂ ಸಾವಕಾರ್ರ, ಪ್ರತಿ ಸರ್ತಿ ಕುರಿ ಬಿಟ್ಟು ಹುಡುಗಿನ್ನ ಡಾಕ್ಟರ ಕಡಿ ಕರಕೊಂಡು ಬರೂದು ನಮ್ಮಂಥವರಿಗೆ ಭಾಳ ತ್ರಾಸ."

ಶಿವಶರಣಪ್ಪನವರು ಹೊಸ ಚೀಟಿಯನ್ನು ಅವನ ಮುಂದೆ ಹರಡಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಅದಕ್ಕೂ ಕಾಯ್ದೇದಾಗ ದಾರಿ ಅದ. ಇಲ್ಲಿ ನೋಡು, 'ತಿಂಗಳಿಗೊಮ್ಮೆಯಂತೆ ಇನ್ನೂ ಮೂರು ಸಲ ಕೊಡಬಹುದು' ಅಂತ ಡಾಕ್ಟರು ಬರದಾರ. ಹಿಂಗ ಬರದ್ರ ಇದs ಚೀಟಿ ನಡೀತದ. ಪ್ರತಿ ಸಲ ನಾ ಮುದ್ರಿ ಒತ್ತಿ ತಾರೀಖು ಹಾಕತೀನಿ. ಮೂರು ಸಲ ಮುಗದ ಮ್ಯಾಲೆ ಹುಡುಗಿನ್ನ ಕರಕೊಂಡು ಡಾಕ್ಟರ ಕಡಿ ಹೋಗಬೇಕು." ಚೀಟಿಗೆ ಮುದ್ರೆ ಒತ್ತಿ, "ಈ ಮಾತು ಅವತ್ತs ನಿನಗ ಬಿಡಿಸಿ ಹೇಳಬೇಕಿತ್ತು. ಬರೇ ಕಾಯ್ದೆ ಅಂದೆ. ಅದು ನನ್ನ ತಪ್ಪು" ಎಂದರು.

ಡಾಕ್ಟರು ತಿರುಗಿ ಕೊಟ್ಟಿದ್ದ ಸಂತೆಯ ಗುಳಿಗೆಗಳನ್ನು ಮರೆಪ್ಪ ಹೊಳೆಗೆ ಎಸೆಯಬೇಕೆಂದಿದ್ದ. ಶಿವಶರಣಪ್ಪನವರು ತಡೆದರು. ಇಬ್ಬರೂ ಕೂಡಿ ಔಷಧ ತಪಾಸಣೆಯ ಸರಕಾರಿ ಅಧಿಕಾರಿಯ ಕಚೇರಿಗೆ ಹೋದರು. ಮರೆಪ್ಪ ಪೊಟ್ಟಣ ಒಪ್ಪಿಸಿ ನಡೆದದ್ದನ್ನು ಹೇಳಿ ಹೆಬ್ಬೆಟ್ಟು ಒತ್ತಿದ.

ಮುಂದಿನ ಸಂತೆಗೆ ಅವನು ಹೋದದ್ದು ಕುರಿ ಮಾರಲು ಅಲ್ಲ, ಆ ಗುಳಿಗೆ ಮಾರಿದವನನ್ನು ಹುಡುಕಲು. ಆ ಪೆಟ್ಟಿಗೆಯವನು ಮತ್ತೆ ಬಂದಿದ್ದ. ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ಅವನ ಮುಂದೆ ಕೈಚಾಚಿ ನಿಂತಿದ್ದಳು. ಕೂಸಿಗೆ ಜ್ವರ. ಮರೆಪ್ಪ ಅವಳ ಪಕ್ಕಕ್ಕೆ ಹೋಗಿ ನಿಂತ.

"ತಂಗೀ, ತಗೋಬ್ಯಾಡ. ಇವನ ಗುಳಿಗಿ ನುಂಗಿ ನನ್ನ ಮಗಳು ಸಾಯಾಕ ಬಿದ್ದಿದ್ಲು."

"ಹುಚ್ಚದಾನ ಇವ. ಯಾರಿಗೋ ಏನೋ ಆದ್ರ ನಾ ಏನು ಮಾಡಲಿ?" ಎಂದ ಮಾರುವವ.

"ಹಂಗಾದ್ರ ನಿನ್ನ ಹೆಸರು, ಊರು ಹೇಳು. ಔಷಧ ಮಾರಾಕ ಸರಕಾರ ಕೊಟ್ಟ ಕಾಗದ ತೋರಸು. ಎಲ್ಲಾರೂ ನೋಡಲಿ."

ಸುತ್ತ ಜನ ಕೂಡಿತು. ಮಾರುವವನು ಪೆಟ್ಟಿಗೆ ಮುಚ್ಚಿ ಎದ್ದ. ಆದರೆ ಹೋಗಲು ಆಗಲಿಲ್ಲ. ದೂರು ಕೇಳಿ ಬಂದಿದ್ದ ಅಧಿಕಾರಿ ಅಲ್ಲಿಯೇ ಇದ್ದರು. ಅವನ ಪೆಟ್ಟಿಗೆಯನ್ನು ವಶಪಡಿಸಿಕೊಂಡರು. ಮರೆಪ್ಪ ಆ ಹೆಣ್ಣುಮಗಳನ್ನು ಕರೆದುಕೊಂಡು ಹೋಗಿ ಅಲ್ಲಿಯ ಸಣ್ಣ ದವಾಖಾನೆಯ ಬಾಗಿಲ ತನಕ ಬಿಟ್ಟು ಬಂದ.

ಈಗ ನೀಲಗಂಗಾ ಚೆನ್ನಾಗಿದ್ದಾಳೆ. ಅವಳ ಗುಳಿಗೆಯನ್ನು ಸುಗಲಾಬಾಯಿ ಯಾರ ಕೈಗೂ ಎಟುಕದಂತೆ ಮೇಲಿನ ಗೂಡಿನಲ್ಲಿ ಇಡುತ್ತಾಳೆ. ಪಕ್ಕದ ಮನೆಯ ಹಣಮವ್ವ, "ನನ್ನ ಮೊಮ್ಮಗನಿಗೂ ಮೂರ್ಛಿ ಬರತದ, ಒಂದೆರಡು ಕೊಡು" ಎಂದು ಕೇಳಿದಾಗ ಸುಗಲಾಬಾಯಿ ಕೊಡಲಿಲ್ಲ. "ಗುಳಿಗಿ ಕೊಡೂದಿಲ್ಲ ಯತ್ತಿ, ಆದರ ನಾಳಿ ನಿನ್ನ ಸಂಗಾಟ ಸೊಲ್ಲಾಪುರಕ್ಕ ನಾನs ಬರತೀನಿ" ಎಂದಳು. ಹೇಳಿದಂತೆ ಹೋದಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದ ನಿಮ್ಮ ಮನೆಯಲ್ಲೂ ದಿನಾಲೂ ಔಷಧ ತೆಗೆದುಕೊಳ್ಳುವವರು ಇರಬಹುದು. ಅಂಗಡಿಯವರು ಚೀಟಿ ಕೇಳಿದರೆ ಸಿಟ್ಟಾಗಬೇಡಿ. ಚೀಟಿ ಕೇಳದೆ ಕೊಡುವವನನ್ನು ಕಂಡರೆ ಹೆದರಿ. ಔಷಧ ಕೊಡುವವರ ನೋಂದಣಿ ಪತ್ರ ಗೋಡೆಯ ಮೇಲೆ ಇದೆಯೇ ಎಂದು ಕಣ್ಣೆತ್ತಿ ನೋಡಿ. ಓದಲು ಬಾರದಿದ್ದರೆ ಕೇಳಿ, ಕೇಳುವುದರಲ್ಲಿ ನಾಚಿಕೆ ಇಲ್ಲ. ನಿಮ್ಮ ಊರು ದೂರವಿದ್ದರೆ, ಇದೇ ಚೀಟಿಯ ಮೇಲೆ ಎಷ್ಟು ಸಲ ಔಷಧ ತರಬಹುದೆಂದು ಬರೆದುಕೊಡಲು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಗುಳಿಗೆಯ ಬಣ್ಣವೋ ರುಚಿಯೋ ಬೇರೆಯಾಗಿದ್ದರೆ ನುಂಗುವ ಮೊದಲು ತಿರುಗಿ ಹೋಗಿ ವಿಚಾರಿಸಿ. ಮನೆಯಲ್ಲಿ ಒಬ್ಬರಿಗೆ ಸಂಶಯ ಬಂದರೆ ಅವರು ಸುಮ್ಮನಿರಬಾರದು, ಉಳಿದವರು ಅವರ ಮಾತನ್ನು ತಳ್ಳಿಹಾಕಬಾರದು.

ನಿಮ್ಮವರ ಗುಳಿಗೆ ಇನ್ನೆಷ್ಟು ಉಳಿದಿದೆ? ಈಗಲೇ ಎದ್ದು ನೋಡಿ. ಮುಗಿಯುತ್ತ ಬಂದಿದ್ದರೆ ನಾಳೆಯೇ ಹೊರಡಿ.