ಹದ್ದು ಕಕ್ಕಿದ ಉಂಡೆ

ಕೌಸಲ್ಯಮ್ಮನ ತಲೆಗೆ ಅನುಮಾನ ಹೊಕ್ಕಿತೆಂದರೆ ಮುಗೀತು, ಬ್ರಹ್ಮ ಬಂದು ಹೇಳಿದರೂ ಇಳಿಯುವುದಿಲ್ಲ. ಆರ್.ಟಿ. ನಗರದ ಅವಳ ಮನೆಯ ಮಹಡಿ ರೂಮಿನಲ್ಲಿದ್ದವನು ಧಾರವಾಡ ಕಡೆಯ ಕಾಶಿನಾಥ, ಹೆಬ್ಬಾಳದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮಾಂಸ ಮುಟ್ಟುವವನಲ್ಲ ಎಂದು ಆಣೆ ಇಟ್ಟೇ ಬಾಡಿಗೆಗೆ ಬಂದಿದ್ದ. ಎಪ್ಪತ್ತೆಂಟರ ಡಿಸೆಂಬರಿನ ಒಂದು ಶನಿವಾರ ಸಂಡಿಗೆ ಒಣಹಾಕಲು ಮೇಲೆ ಹೋದರೆ, ಶಿವಶಿವಾ, ಅವನ ಬಾಗಿಲ ಮುಂದೆ ಹಳೇ ಪೇಪರಿನ ಮೇಲೆ ಸಣ್ಣ ಸಣ್ಣ ಮೂಳೆ, ಕೂದಲು!

ಅವಳ ಹಳದಿ ಬೆಕ್ಕಿನ ಮರಿ ಪುಟ್ಟಿ ನಾಲ್ಕು ದಿನದಿಂದ ಕಾಣೆ. ಹಾಲಿಗೆ ಬಾಯಿ ಹಾಕಿದರೆ ಗೊತ್ತಾಗಲೆಂದು ಕೊರಳಿಗೆ ಕೆಂಪು ದಾರದಲ್ಲಿ ಗೆಜ್ಜೆ ಕಟ್ಟಿದ್ದಳು. ಮಕ್ಕಳಿಲ್ಲದ ಮನೆ. ಆ ಗೆಜ್ಜೆ ಸದ್ದೆಂದರೆ ಅವಳಿಗೆ ಪ್ರಾಣ.

"ಏನ್ರೀ ಇದು?" ಎಂದದ್ದೇ ತಡ, ಕಾಶಿನಾಥ ಪೇಪರು ಮಡಚಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ!

"ಇಲಿ ಮೂಳಿರೀ ಅಮ್ಮಾರ. ಚಳಿಗಾಲಕ್ಕ ಉತ್ತರದಿಂದ ಹೆಬ್ಬಾಳ ಕೆರಿಗೆ ದೊಡ್ಡ ಹದ್ದು ಬರ್ತಾವು. ಅರಗದ್ದನ್ನ ಉಂಡಿ ಮಾಡಿ ಕಕ್ಕತಾವು. ಬಿಡಿಸಿ ನೋಡಿದ್ರ ಏನ್ ತಿಂದಾವು ಅಂತ ತಿಳೀತದ."

"ಕಿವಿ ಮೇಲೆ ಹೂವ ಇಡ್ಬೇಡಿ. ಹದ್ದು ಉಂಡೆ ಕಟ್ಟುತ್ತಂತೆ! ನಾಳೆ ನನ್ನ ಕಣ್ಣಿಗೆ ತೋರಿಸಿ. ಇಲ್ಲಾಂದ್ರೆ ಸಂಜೆಯೊಳಗೆ ರೂಮ್ ಖಾಲಿ ಮಾಡಿ."

ಮರುದಿನ ಬೆಳಿಗ್ಗೆ ಇಬ್ಬರೂ ಹೆಬ್ಬಾಳದ ಕೆರೆಗೆ ಹೋದರು. ಒಣಮರದ ಮೇಲೆ ಕರೀ ಹಕ್ಕಿಯೊಂದು ಕೂತಿತ್ತು. ಕಾಶಿನಾಥ ದುರ್ಬೀನು ಕೊಟ್ಟ. "ಊರ ಹದ್ದಿನ ಬಾಲ ಸೀಳಿರ್ತದ, ಇದರದು ದುಂಡಗ. ರೆಕ್ಕಿ ಮ್ಯಾಲೆ ಬಿಳಿ ಚುಕ್ಕಿ ನೋಡ್ರಿ."

ಗರುಡನ ಜಾತಿಯೇ ಇರಬೇಕೆಂದು ಕೌಸಲ್ಯಮ್ಮ ಭಕ್ತಿಯಿಂದ ಕೈ ಮುಗಿದಳು. ಅನುಮಾನ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಹಕ್ಕಿ ಕತ್ತು ಚಾಚಿ ಓಕರಿಸಿತು. ಉಂಡೆಯೊಂದು ಮರದ ಬುಡಕ್ಕೆ ಬಿತ್ತು.

"ಅಯ್ಯೋ ರಾಮಾ, ನಿಜ!" ನಾಚಿಕೆಯೂ ಆಯಿತು, ನಗುವೂ ಬಂತು. "ಪಾಪ, ನಿಮ್ಮನ್ನ ಏನೇನೋ ಅಂದ್ಕೊಂಡೆ ಕಣ್ರೀ. ಇರಿ, ಇದನ್ನ ನಾನೇ ಬಿಡಿಸ್ತೀನಿ."

ಮಡಿ ಮೈಲಿಗೆ ಮರೆತು, ಕುಕ್ಕರುಗಾಲಲ್ಲಿ ಕೂತು, ಹೇರ್‌ಪಿನ್ನಿನಿಂದ ಉಂಡೆ ಬಿಡಿಸಿದಳು. ಇಲಿಯ ಹಲ್ಲು ಬಂತು. ಹಳದಿ ಕೂದಲು ಬಂತು. ಆಮೇಲೆ ಕೆಂಪು ದಾರದ ತುಂಡು, ಅದರ ತುದಿಗೆ ಗೆಜ್ಜೆ.

"ಅಮ್ಮಾರ, ನನಗ ಖರೇನ ಗೊತ್ತಿರಲಿಲ್ರೀ" ಎಂದ ಕಾಶಿನಾಥ ಗಾಬರಿಯಿಂದ.

ಅವಳು ಗೆಜ್ಜೆಯನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಳು ತಡೆಯಲಾಗಲಿಲ್ಲ.

"ರೂಮ್ ಖಾಲಿ ಮಾಡ್ಬೇಡಿ" ಎಂದಳು. "ನೀವೇ ಆಗಿದ್ದಿದ್ರೆ ಚೆನ್ನಾಗಿ ಬಯ್ದು ಓಡಿಸ್ತಿದ್ದೆ. ಈ ಗರುಡನ್ನ ಹೆಂಗ್ರೀ ಬಯ್ಲಿ? ಈಗ್ತಾನೆ ಕೈ ಮುಗಿದ್ನಲ್ಲಾ."